ಪೆಟ್ಟು ಬಿದ್ದ ಕಾರು: ಏನನ್ನು ತಟ್ಟಿಸಬೇಕು, ಏನನ್ನು ಬದಲಿಸಬೇಕು, ಎಲ್ಲಿ ಗುಜರಿ ಪಾರ್ಟ್ ಸಾಕು

ಆಕ್ಸಿಡೆಂಟ್ ಆದ ಗಾಡಿಯ ಸುತ್ತ ಮೂರು ಜನ ನಿಂತಿರುತ್ತಾರೆ. ಸರ್ವಿಸ್ ಸೆಂಟರಿನ ಅಡ್ವೈಸರ್ "ಎಲ್ಲಾ ಹೊಸದೇ ಹಾಕೋಣ ಸಾರ್, ಇನ್ಶೂರೆನ್ಸ್ ಇದೆಯಲ್ಲ" ಅನ್ನುತ್ತಾನೆ. ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬಗ್ಗಿ ನೋಡಿ "ಇದು ರಿಪೇರಿ ಆಗುತ್ತೆ" ಎಂದು ಬರೆದುಕೊಳ್ಳುತ್ತಾನೆ. ಪರಿಚಯದ ಟಿಂಕರಿಂಗ್ ಮೇಸ್ತ್ರಿ "ಅಲ್ಲಿಗ್ಯಾಕೆ ಹೋದ್ರಿ, ನಾನೇ ತಟ್ಟಿ ಕೊಡ್ತಿದ್ದೆ" ಅನ್ನುತ್ತಾನೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಆದರೆ ಅಡ್ವೈಸರಿಗೆ ಪಾರ್ಟ್ ಮಾರಿದರೆ ಲಾಭ, ಸರ್ವೇಯರಿಗೆ ಫೀಸು ಕೊಡುವುದು ವಿಮಾ ಕಂಪನಿ, ಮೇಸ್ತ್ರಿಗೆ ಬದುಕು ಕೂಲಿಯಲ್ಲಿ. ಗಾಡಿಯೊಳಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಮಾತ್ರ ನೀವು.

ನನ್ನ ಆರು ವರ್ಷದ ಹ್ಯಾಚ್‌ಬ್ಯಾಕಿನ ಎಡಮೂತಿ ದಾಬಸ್‌ಪೇಟೆ ಹತ್ತಿರ ಹೆದ್ದಾರಿಯಲ್ಲಿ ಟೆಂಪೋ ಒಂದರ ಹಿಂಬದಿಗೆ ಬಡಿದಾಗ ಈ ಮೂವರ ಮಾತನ್ನೂ ಕೇಳಿದೆ. ಆಗ ಕಲಿತದ್ದು, ಆಮೇಲೆ ನೆಂಟರ ನಾಲ್ಕಾರು ಗಾಡಿಗಳ ಹಿಂದೆ ಗ್ಯಾರೇಜು ಸುತ್ತಿ ತಿಳಿದದ್ದು ಇಲ್ಲಿ ಬರೆದಿದ್ದೇನೆ. ಯಾವ ಭಾಗ ನೋಡುವಾಗಲೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ಸಲ ಪೆಟ್ಟು ಬಿದ್ದಾಗ ಇದು ನನ್ನನ್ನು ಕಾಯಬೇಕಾದದ್ದೇ, ಇಲ್ಲ ಬರೀ ಅಂದಕ್ಕೆ ಇರುವುದೇ? ದುಡ್ಡಿನ ಲೆಕ್ಕ ಅದಾದ ಮೇಲೆ.

1. ಗಾಡಿ ಅಲುಗಿಸುವ ಮುನ್ನ

ಯಾರಿಗಾದರೂ ಏಟಾಗಿದ್ದರೆ ಗಾಡಿಯ ಯೋಚನೆ ಬದಿಗಿಡಿ. ಆಂಬುಲೆನ್ಸಿಗೆ 108, ತುರ್ತು ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸುವುದು, ವಿಮಾ ಕಂಪನಿಗೆ ಸುದ್ದಿ ಮುಟ್ಟಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಚಾಲಕನ ಹೊಣೆ. ಕೇಸ್ ಆಗಿದ್ದರೆ ಗಾಡಿಯನ್ನು ಮೋಟಾರು ವಾಹನ ನಿರೀಕ್ಷಕರು ನೋಡಬೇಕಾಗುತ್ತದೆ. ಪೊಲೀಸರ ಬಾಯಲ್ಲಿ ಅದು ಐಎಂವಿ. ಅದು ಮುಗಿಯುವ ತನಕ ಒಂದು ಬೋಲ್ಟ್ ಕೂಡ ಬಿಚ್ಚಿಸಬೇಡಿ.

ಬರೀ ತಗಡಿಗೆ ಪೆಟ್ಟಾಗಿದ್ದರೆ ಫೋಟೋ ತೆಗೆಯಿರಿ. ನಾಲ್ಕು ಮೂಲೆಯಿಂದ ಇಡೀ ಗಾಡಿ, ನಂಬರ್ ಪ್ಲೇಟ್ ಕಾಣುವಂತೆ. ಆಮೇಲೆ ಹತ್ತಿರದಿಂದ ಪೆಟ್ಟಿನ ಜಾಗ. ಮೀಟರಿನಲ್ಲಿ ಓಡಿರುವ ಕಿಲೋಮೀಟರ್. ಗಾಡಿಯ ಕೆಳಗೂ ಒಮ್ಮೆ ಬಗ್ಗಿ ನೋಡಿ. ಹಸಿರೋ ಕೆಂಪೋ ನೀರು ತೊಟ್ಟಿಕ್ಕುತ್ತಿದ್ದರೆ ಅದು ಕೂಲೆಂಟ್. ಹಾಗಿದ್ದಾಗ "ಹತ್ತೇ ಕಿಲೋಮೀಟರ್, ನಿಧಾನ ಹೋದರಾಯ್ತು" ಅಂದುಕೊಂಡು ಓಡಿಸಿದವರು ಬಂಪರ್ ಖರ್ಚಿನ ಜೊತೆಗೆ ಎಂಜಿನ್ ಖರ್ಚನ್ನೂ ಮೈಮೇಲೆ ಎಳೆದುಕೊಂಡಿದ್ದಾರೆ. ಆಕ್ಸಿಡೆಂಟ್ ಆದ ಮೇಲೆ ಓಡಿಸಿ ಹಾಳು ಮಾಡಿದ್ದಕ್ಕೆ ವಿಮೆಯೂ ಕೊಡುವುದಿಲ್ಲ. ಟೋಯಿಂಗ್ ಕರೆಸಿ.

2. ಬಿಚ್ಚಿಸದೆ ತೀರ್ಮಾನ ಬೇಡ

ಹೊರಗಿನಿಂದ ನೋಡಿ ಕೊಡುವ ಎಸ್ಟಿಮೇಟಿಗೆ ಬೆಲೆಯಿಲ್ಲ. ಪ್ಲಾಸ್ಟಿಕ್ ಬಂಪರ್ ಒಳಕ್ಕೆ ಹೋಗಿ ಮತ್ತೆ ಚಿಮ್ಮಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಒಳಗಿನ ಕಬ್ಬಿಣ ಮಡಿಚಿಕೊಂಡಿರುತ್ತದೆ. ಆದ್ದರಿಂದ ಮೊದಲು ವಿಮೆಗೆ ತಿಳಿಸಿ, ಸರ್ವೇಯರ್ ಒಮ್ಮೆ ನೋಡಲಿ. ಆಮೇಲೆ ಬಂಪರ್, ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಲೈಟ್ ಬಿಚ್ಚಿಸಿ. ಒಳಗೆ ಹೊಸದಾಗಿ ಕಂಡದ್ದಕ್ಕೆ ಎರಡನೇ ಎಸ್ಟಿಮೇಟ್ ಹಾಕಿಸಿ, ಸರ್ವೇಯರನ್ನು ಮತ್ತೆ ಕರೆಸಿ. ಅವರು ಒಪ್ಪುವ ಮುನ್ನ ಬದಲಿಸಿದ ಭಾಗಕ್ಕೆ ಆಮೇಲೆ ದುಡ್ಡು ಕೇಳಿ ಪಡೆಯುವುದು ಬಹಳ ಕಷ್ಟ.

ನನ್ನ ಗಾಡಿಯನ್ನು ಮೊದಲು ನೋಡಿದ ಗ್ಯಾರೇಜಿನಲ್ಲಿ ಎಡಗಡೆಯದ್ದನ್ನೆಲ್ಲ ಪಟ್ಟಿ ಮಾಡಿಕೊಟ್ಟರು: ಬಂಪರ್, ಹೆಡ್‌ಲೈಟ್, ಫೆಂಡರ್, ಬಾನೆಟ್. ಸರಿಯಾಗಿಯೇ ಇದೆ ಅನ್ನಿಸಿತು. ತುಮಕೂರಿನಲ್ಲಿ ನಮಗೆ ಪರಿಚಯದ ಮೇಸ್ತ್ರಿಯೊಬ್ಬರಿದ್ದಾರೆ, ಐವತ್ತು ದಾಟಿದವರು. ಬಂದು ಎಡಗಡೆಯ ಕಡೆ ಸುಮ್ಮನೆ ಒಮ್ಮೆ ಕಣ್ಣು ಹಾಯಿಸಿ, "ಅಲ್ಲೇನ್ ನೋಡ್ತೀರಾ ಸಾರ್, ಬಲಗಡೆ ಬನ್ನಿ" ಅಂದರು. ಬಲಗಡೆ ಒಂದು ಗೀರೂ ಇರಲಿಲ್ಲ. ಡ್ರೈವರ್ ಬಾಗಿಲಿಗೂ ಫೆಂಡರಿಗೂ ನಡುವಿನ ಸಂದಿಯಲ್ಲಿ ಕಿರುಬೆರಳಿನ ಉಗುರು ಇಟ್ಟರು, ಹೋಗಲಿಲ್ಲ. ಎಡಗಡೆಯ ಅದೇ ಸಂದಿಯಲ್ಲಿ ಉಗುರು ಸಲೀಸಾಗಿ ಇಳಿದು ಆಚೀಚೆ ಆಡಿತು. "ಮೂತಿ ಬಲಕ್ಕೆ ತಿರುಗಿದೆ. ಒಳಗಿನ ಮೆಂಬರ್ ಅಳತೆ ಮಾಡಿಸ್ದೆ ಮೇಲಿನ ತಗಡು ಹಾಕ್ಸಿದ್ರೆ ಬಾನೆಟ್ ಕೂರೋದೇ ಇಲ್ಲ." ಮೆಂಬರ್ ಎಂದರೆ ಎಂಜಿನ್ನಿನ ಎರಡೂ ಬದಿ ಉದ್ದಕ್ಕೆ ಹೋಗುವ ಉಕ್ಕಿನ ತೊಲೆ. ಪೆಟ್ಟು ಎಡಕ್ಕೆ ಬಿದ್ದಿತ್ತು, ಸುಳಿವು ಸಿಕ್ಕಿದ್ದು ಬಲಕ್ಕೆ. ಕಬ್ಬಿನ ಜಲ್ಲೆ ಬಾಗಿಸಿದರೆ ಒಳಮಗ್ಗುಲು ಕುಗ್ಗುತ್ತದೆ, ಹೊರಮಗ್ಗುಲು ಹಿಗ್ಗುತ್ತದೆ. ಗಾಡಿಯ ಮೈಯೂ ಅಷ್ಟೇ.

ಈ ಪರೀಕ್ಷೆಯನ್ನು ನೀವೇ ಮಾಡಬಹುದು. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬಾನೆಟ್, ಫೆಂಡರ್, ಬಾಗಿಲು, ಡಿಕ್ಕಿಯ ಸಂದಿಗಳನ್ನು ಎರಡೂ ಬದಿಯಲ್ಲಿ ಹೋಲಿಸಿ ನೋಡಿ. ನಾಲ್ಕು ಬಾಗಿಲನ್ನೂ ತೆಗೆದು ಹಾಕಿ, ಯಾವುದಾದರೂ ಮೊದಲಿಗಿಂತ ಬಿಗಿಯಾಗಿದೆಯೇ ಎಂದು ಗಮನಿಸಿ. ಬಾನೆಟ್ ಎತ್ತಿ ಎಂಜಿನ್ನಿನ ಎರಡೂ ಬದಿಯ ಏಪ್ರನ್ ತಗಡಿನಲ್ಲಿ ಸುಕ್ಕು ಇದೆಯೇ, ಬೆಸುಗೆಯ ಮೇಲಿನ ಸೀಲರ್ ಬಿರುಕು ಬಿಟ್ಟಿದೆಯೇ ನೋಡಿ. ಹಿಂದಿನಿಂದ ಪೆಟ್ಟು ಬಿದ್ದಿದ್ದರೆ ಡಿಕ್ಕಿಯ ಕಾರ್ಪೆಟ್ ಎತ್ತಿ, ಸ್ಟೆಪ್ನಿ ತೆಗೆದು, ನೆಲದ ತಗಡನ್ನು ಟಾರ್ಚು ಹಾಕಿ ನೋಡಿ. ಸೀಲರ್ ಬಿರಿದಿದ್ದರೆ, ಬಣ್ಣ ಹಕ್ಕಳೆ ಎದ್ದಿದ್ದರೆ ಪೆಟ್ಟು ಆಳಕ್ಕೆ ಹೋಗಿದೆ. ಅಂಥ ಗಾಡಿಯನ್ನು ಚಾಸಿ ಎಳೆಯುವ ಬೆಂಚ್ ಇರುವ ಕಡೆಯೇ ಒಯ್ಯಬೇಕು. ಅಲ್ಲಿ ಕಂಪನಿ ಕೊಟ್ಟ ಅಳತೆಯ ಜೊತೆ ಹೋಲಿಸಿ ಪ್ರಿಂಟ್ ಕೊಡುತ್ತಾರೆ. ವ್ಯತ್ಯಾಸ 3 ಮಿ.ಮೀ. ಸುತ್ತಮುತ್ತ ಇದ್ದರೆ ಸಾಮಾನ್ಯವಾಗಿ ಸರಿ ಎನ್ನುತ್ತಾರೆ. ನನ್ನದು 11 ಬಂದಿತ್ತು.

3. ಬಾಗಿದೆಯೋ, ಮಡಿಚಿದೆಯೋ

ಇಡೀ ವಿಷಯದಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದ ಪಾಠ ಇದು. ಬಾಳೆ ಎಲೆಯನ್ನು ಸುಮ್ಮನೆ ಬಾಗಿಸಿ ಬಿಟ್ಟರೆ ಮತ್ತೆ ನೇರವಾಗುತ್ತದೆ. ಮಡಿಸಿದರೆ ಗೆರೆ ಉಳಿಯುತ್ತದೆ. ಎಷ್ಟು ಸವರಿದರೂ ಆ ಗೆರೆಯಲ್ಲೇ ಹರಿಯುತ್ತದೆ. ಉಕ್ಕಿನ ತಗಡೂ ಹಾಗೆಯೇ. ಉದ್ದಕ್ಕೆ ಹದವಾಗಿ ಬಾಗಿದ್ದನ್ನು ಎಳೆದು ಸರಿ ಮಾಡಬಹುದು. ಚೂಪಾಗಿ ಮಡಿಚಿದ್ದರೆ, ಹರಿದಿದ್ದರೆ, ಬೆಸುಗೆ ಬಿಟ್ಟಿದ್ದರೆ ಅದರ ಬಲ ಹೋಗಿದೆ ಎಂದೇ ಲೆಕ್ಕ, ಬದಲಿಸಬೇಕು.

ಇದಕ್ಕೆ ಇನ್ನೊಂದು ಅಂಶ ಸೇರುತ್ತದೆ. ಈಗಿನ ಕಾರುಗಳಲ್ಲಿ ಬಾಗಿಲ ನಡುವಿನ ಕಂಬ, ಬಾಗಿಲೊಳಗಿನ ಅಡ್ಡಪಟ್ಟಿ ಇಂಥವಕ್ಕೆ ಕೆಂಪಗೆ ಕಾಯಿಸಿ ಅಚ್ಚಿನಲ್ಲಿ ಒತ್ತಿ ತಣಿಸಿದ ಅತಿಗಟ್ಟಿ ಉಕ್ಕು ಬಳಸುತ್ತಾರೆ. ಅದಕ್ಕೆ ಗ್ಯಾಸ್ ಕಟರಿನ ಬೆಂಕಿ ಹಿಡಿದು ತಟ್ಟಿದರೆ ನೋಡಲು ನೇರವಾಗುತ್ತದೆ, ಗಟ್ಟಿತನ ಮಾತ್ರ ಹೊರಟುಹೋಗುತ್ತದೆ. ಹಳೆ ಕಾಲದ ಗಾಡಿಗಳ ಮೇಲೆ ಕೈ ಪಳಗಿದ ಮೇಸ್ತ್ರಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. "ಮೂವತ್ತು ವರ್ಷದಿಂದ ಹಿಂಗೇ ಮಾಡ್ತಿದೀನಿ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಮೂವತ್ತು ವರ್ಷದ ಹಿಂದೆ ನಮ್ಮ ಗಾಡಿಗಳಲ್ಲಿ ಈ ಉಕ್ಕೇ ಇರಲಿಲ್ಲ.

ಹಾಗೆಂದು "ಹೊಸದು ಹಾಕಿಸಿದರೆ ಯಾವತ್ತೂ ಒಳ್ಳೆಯದು" ಎಂಬುದೂ ತಪ್ಪು. ಬಾನೆಟ್, ಫೆಂಡರ್, ಬಾಗಿಲು, ಡಿಕ್ಕಿ ಡೋರ್ ಬೋಲ್ಟಿನಲ್ಲಿ ನಿಂತಿರುತ್ತವೆ. ಬಿಚ್ಚಿ ಬೇರೆ ಹಾಕಿದರೆ ಗಾಡಿಗೆ ಏನೂ ಆಗುವುದಿಲ್ಲ. ಆದರೆ ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್, ಟಾಪು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಪಟ್ಟಿ ಗಾಡಿಯ ಮೈಗೇ ಬೆಸೆದಿರುತ್ತವೆ. ಅವನ್ನು ಬದಲಿಸುವುದೆಂದರೆ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡುವುದು. ಕಾರ್ಖಾನೆಯಲ್ಲಿ ಯಂತ್ರ ಹಾಕಿದ ಬೆಸುಗೆ, ಒಳಗಿನ ತುಕ್ಕುನಿರೋಧಕ ಲೇಪ ಎರಡೂ ಹೋಗುತ್ತವೆ. ಒಳಬದಿಗೆ ಸರಿಯಾಗಿ ಪ್ರೈಮರ್, ಮೇಣ ಹೊಡೆಯದಿದ್ದರೆ ಮಲೆನಾಡು, ಕರಾವಳಿಯ ಎರಡು ಮೂರು ಮಳೆಗಾಲದೊಳಗೆ ತುಕ್ಕು ಗುಳ್ಳೆ ಏಳುತ್ತದೆ. ಕ್ವಾರ್ಟರ್ ಪ್ಯಾನೆಲ್ ಹರಿದಿಲ್ಲ ಎಂದಾದರೆ ತಟ್ಟಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಸರ್ವೇಯರ್ "ರಿಪೇರಿ" ಎಂದರೆ ಜಗಳಕ್ಕೆ ನಿಲ್ಲಬೇಡಿ, ಅವರು ನಿಮಗೆ ಉಪಕಾರವನ್ನೇ ಮಾಡುತ್ತಿದ್ದಾರೆ.

ನನ್ನ ಗಾಡಿಯ ಎಡ ಮೆಂಬರ್ ಬಾಗಿತ್ತು, ಮಡಿಚಿರಲಿಲ್ಲ. ಬೆಂಚಿನ ಮೇಲೆ ಎಳೆಸಿದೆ. ಅದರ ಮುಂದೆ ಬೋಲ್ಟಿನಲ್ಲಿ ನಿಂತಿದ್ದ ಬಂಪರ್ ಬೀಮ್ ಮಡಿಚಿತ್ತು, ಹೊಸದು ಹಾಕಿಸಿದೆ.

4. ಒಂದೊಂದು ಭಾಗದ ಮಾತು

ಬಂಪರ್: ಹೆಚ್ಚಿನವು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಸೀಳಿದ್ದನ್ನು ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿ ಪೇಂಟ್ ಹೊಡೆಯಬಹುದು. ನೋಡಬೇಕಾದದ್ದು ಸೀಳಿನ ಉದ್ದವನ್ನಲ್ಲ, ಅಂಚಿನ ಕಿವಿಗಳನ್ನು. ಕ್ಲಿಪ್ ಕೂರುವ ಕಿವಿ ಎರಡು ಮೂರು ಮುರಿದಿದ್ದರೆ ಅಂಟಿಸಿದ ಬಂಪರ್ ಆರು ತಿಂಗಳಲ್ಲಿ ನೇತಾಡುತ್ತದೆ. ಬಂಪರಿನ ಹಿಂದೆ ರಾಡಾರ್ ಇರುವ ಹೊಸ ಗಾಡಿಗಳಲ್ಲಿ ತಗ್ಗು ತುಂಬುವ ಪುಟ್ಟಿ ದಪ್ಪಗೆ ಮೆತ್ತಿದರೆ ರಾಡಾರಿಗೆ ಕಣ್ಣು ಮಂಜಾದಂತೆ, ಅಲ್ಲಿ ಹೊಸದೇ ಆಗಬೇಕು.

ಹೆಡ್‌ಲೈಟ್: ಗಾಜು ಒಡೆಯದೆ ಬರೀ ಹಿಂಬದಿಯ ಕಾಲು ಮುರಿದಿದ್ದರೆ ಕೆಲವು ಮಾಡೆಲ್‌ಗಳಿಗೆ ಕಂಪನಿಯೇ ರಿಪೇರಿ ಬ್ರಾಕೆಟ್ ಕೊಡುತ್ತದೆ. ಪಾರ್ಟ್ಸ್ ಕೌಂಟರಿನಲ್ಲಿ ಕೇಳಿ ನೋಡಿ. ಕೇಳದೆ ಯಾರೂ ಹೇಳುವುದಿಲ್ಲ. ಎಲ್‌ಇಡಿ ಲೈಟ್ ಸೆಟ್ಟಿನ ಬೆಲೆ ನೋಡಿದವರಿಗೆ ಇದರ ಮಹತ್ವ ಗೊತ್ತು. ಒಳಗೆ ನೀರಿನ ಹನಿ ನಿಲ್ಲುತ್ತಿದ್ದರೆ ರಿಪೇರಿ ಬೇಡ.

ಬಾನೆಟ್, ಫೆಂಡರ್, ಬಾಗಿಲು: ಬಣ್ಣ ಬಿರಿಯದ ತಗ್ಗಾಗಿದ್ದರೆ ಬಣ್ಣ ಹೊಡೆಯದೆ ಒಳಗಿನಿಂದ ಸಲಾಕೆ ಹಾಕಿ ಎತ್ತುವ ಕೆಲಸವಿದೆ, ಅದಕ್ಕಿಂತ ಒಳ್ಳೆಯ ರಿಪೇರಿ ಇಲ್ಲ, ಕಂಪನಿ ಬಣ್ಣ ಹಾಗೆಯೇ ಉಳಿಯುತ್ತದೆ. ಅಂಚು ಮಡಿಚಿದ್ದರೆ, ಕೀಲು ಕೂರುವ ಜಾಗ ಸೊಟ್ಟಗಾಗಿದ್ದರೆ ಹೊಸದು. ನಡುವಿನದಕ್ಕೆಲ್ಲ ನಾನು ಹಾಕುವ ಲೆಕ್ಕ ಒಂದೇ: ತಟ್ಟುವ ಕೂಲಿ ಹೊಸ ತಗಡಿನ ಬೆಲೆಯ ಮೂರರಲ್ಲಿ ಎರಡು ಪಾಲು ದಾಟಿದರೆ ಹೊಸದು ತರುತ್ತೇನೆ. ಪೇಂಟಿಂಗ್ ಖರ್ಚು ಎರಡರಲ್ಲೂ ಇದ್ದೇ ಇದೆ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ಬಾಗಿಲಿನಲ್ಲಿ ಮಾತ್ರ ಒಳಗಿನ ಅಡ್ಡಪಟ್ಟಿ ನೋಡದೆ ಹೊರಗಿನ ತಗಡು ತಟ್ಟಿಸಬೇಡಿ.

ಗಾಜು: ಮುಂದಿನ ಗಾಜಿನಲ್ಲಿ ಕಲ್ಲು ಸಿಡಿದ ಸಣ್ಣ ಚುಕ್ಕೆಯಾಗಿದ್ದು, ಡ್ರೈವರಿನ ಕಣ್ಣಿನ ನೇರಕ್ಕೆ ಇಲ್ಲದಿದ್ದರೆ ರೆಸಿನ್ ತುಂಬಿಸಬಹುದು. ಗೆರೆ ಓಡಿದ್ದರೆ ಬದಲಿಸಿ. ಎಡಗಡೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಅನೇಕ ಗಾಡಿಗಳಲ್ಲಿ ಒರಗುವುದು ಈ ಗಾಜಿಗೇ. ಅದನ್ನು ಹಿಡಿದಿರುವುದು ಯುರೆಥೇನ್ ಅಂಟು. ಹಾಕಿದ ಅರ್ಧ ಗಂಟೆಗೇ "ಹೊರಡಿ ಸಾರ್" ಅಂದರೆ ಹೊರಡಬೇಡಿ, ಅಂಟಿನ ಡಬ್ಬಿಯ ಮೇಲೆ ಎಷ್ಟು ಹೊತ್ತು ಬರೆದಿದೆಯೋ ಅಷ್ಟು ಕಾಯಿರಿ. ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು ಇರಲಿ. ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಗಾಡಿಯಾದರೆ ಗಾಜು ಬದಲಿಸಿದ ಮೇಲೆ ಕ್ಯಾಲಿಬ್ರೇಷನ್ ಮಾಡಿದ ದಾಖಲೆ ಕೇಳಿ.

ಚಕ್ರದ ಸುತ್ತಿನದು: ಲೋವರ್ ಆರ್ಮ್, ಟೈ ರಾಡ್, ಬಾಲ್ ಜಾಯಿಂಟ್, ಸ್ಟ್ರಟ್, ಸ್ಟೀರಿಂಗ್ ರ‍್ಯಾಕ್. ಇಲ್ಲಿ ಚರ್ಚೆಯೇ ಇಲ್ಲ. ಸೊಟ್ಟಗಾಗಿದ್ದನ್ನು ನೇರ ಮಾಡಿಸಬೇಡಿ, ಗುಜರಿಯದನ್ನು ಹಾಕಿಸಬೇಡಿ. ಬಿರುಕು ಬಿಟ್ಟ ಅಲಾಯ್ ಚಕ್ರಕ್ಕೆ ವೆಲ್ಡಿಂಗ್ ಮಾಡಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಅವರ ಕಡೆ ತಲೆ ಹಾಕಬೇಡಿ.

ಏರ್‌ಬ್ಯಾಗ್, ಸೀಟ್ ಬೆಲ್ಟ್: ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಬರೀ ಚೀಲ ಹಾಕಿದರೆ ಮುಗಿಯುವುದಿಲ್ಲ. ಆ ಹೊತ್ತಿಗೆ ಬೆಲ್ಟನ್ನು ಬಿಗಿ ಎಳೆಯುವ ಪ್ರಿಟೆನ್ಷನರಿನ ಮದ್ದೂ ಉರಿದಿರುತ್ತದೆ. ಕಂಟ್ರೋಲ್ ಯುನಿಟ್, ಸೆನ್ಸರ್, ಸ್ಟೀರಿಂಗಿನ ಒಳಗಿನ ಸುರುಳಿ ವಯರು, ಹರಿದ ಡ್ಯಾಶ್‌ಬೋರ್ಡ್ ಇವುಗಳಲ್ಲಿ ಏನೇನು ಬದಲಾಗಬೇಕೆಂದು ಕಂಪನಿಯ ಪಟ್ಟಿಯೇ ಇರುತ್ತದೆ, ಕೇಳಿ ಪಡೆಯಿರಿ. ಇಲ್ಲಿ ನಡೆಯುವ ಮೋಸ ಎಂದರೆ ಡ್ಯಾಶ್‌ಬೋರ್ಡ್ ಮಾತ್ರ ಹೊಲಿಸಿ ಒಳಗೆ ಖಾಲಿ ಬಿಡುವುದು. ಪತ್ತೆ ಹಚ್ಚಲು ಕೀ ಆನ್ ಮಾಡಿ ಮೀಟರ್ ನೋಡಿ. ಕೂತ ಮನುಷ್ಯನ ಮುಂದೆ ಚೆಂಡು ಇರುವ ಕೆಂಪು ದೀಪ ಹೊತ್ತಿಕೊಂಡು ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಿಕೊಳ್ಳಲೇ ಇಲ್ಲವೆಂದರೆ ಯಾರೋ ಕೈ ಆಡಿಸಿದ್ದಾರೆ. ಮಗುವಿನ ಸೀಟು ಆಕ್ಸಿಡೆಂಟ್ ವೇಳೆ ಗಾಡಿಯಲ್ಲಿದ್ದರೆ, ಪೆಟ್ಟು ಜೋರಾಗಿದ್ದರೆ, ಅದನ್ನೂ ಬದಲಿಸಿ.

ಎಲೆಕ್ಟ್ರಿಕ್ ಗಾಡಿ: ತಳಕ್ಕೆ ಪೆಟ್ಟು ಬಿದ್ದಿದ್ದರೆ ಬ್ಯಾಟರಿ ಡಬ್ಬಿಯನ್ನು ಕಂಪನಿಯವರೇ ನೋಡಬೇಕು. ಕಿತ್ತಳೆ ಬಣ್ಣದ ವಯರು ಎಲ್ಲಿದೆಯೋ ಅಲ್ಲಿ ಊರ ಗ್ಯಾರೇಜಿನವರ ಕೈ ಹೋಗಬಾರದು.

5. ಕ್ಲೇಮ್ ಮಾಡಬೇಕೋ ಬೇಡವೋ: ಕಾಗದದ ಮೇಲೆ ಲೆಕ್ಕ

"ಇನ್ಶೂರೆನ್ಸ್ ಇದೆ" ಎಂದರೆ ಎಲ್ಲಾ ಬಂದುಬಿಡುತ್ತದೆ ಎಂದಲ್ಲ. ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಹೊಸ ಪಾರ್ಟಿನ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರ್, ನೈಲಾನ್, ಟೈರು, ಬ್ಯಾಟರಿ, ಏರ್‌ಬ್ಯಾಗ್ ಎಲ್ಲಕ್ಕೂ ಶೇ. 50. ಫೈಬರ್‌ಗ್ಲಾಸಿಗೆ ಶೇ. 30. ಗಾಜಿಗೆ ಏನೂ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸು ನೋಡುತ್ತಾರೆ: 6 ತಿಂಗಳವರೆಗೆ ಸೊನ್ನೆ, ಒಂದು ವರ್ಷದವರೆಗೆ ಶೇ. 5, ಎರಡರವರೆಗೆ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40, ಅದರ ಮೇಲೆ 50. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಅಂದರೆ ಒಟ್ಟು ಬಿಲ್ಲಿನ ಶೇ. 12.5. ಇದರ ಮೇಲೆ ಕಡ್ಡಾಯ ಕಡಿತ 1500 ಸಿಸಿವರೆಗಿನ ಗಾಡಿಗೆ 1,000 ರೂ., ಅದಕ್ಕೂ ದೊಡ್ಡದಕ್ಕೆ 2,000 ರೂ.

ಉದಾಹರಣೆಗೆ ಆರು ವರ್ಷದ ಗಾಡಿಯ ಒಂದು ಬಿಲ್ಲು ನಾವೇ ಬರೆಯೋಣ. ಬಂಪರ್ 4,000, ಹೆಡ್‌ಲೈಟ್ 5,500 (ಇದನ್ನು ಸಾಮಾನ್ಯವಾಗಿ ಪ್ಲಾಸ್ಟಿಕ್ ಎಂದೇ ಹಿಡಿಯುತ್ತಾರೆ), ಫೆಂಡರ್ 3,000, ಬಾನೆಟ್ 7,000, ಪೇಂಟಿಂಗ್ 12,000, ಕೂಲಿ 6,000. ಒಟ್ಟು 37,500 ರೂ. ಇದರಲ್ಲಿ ನಿಮ್ಮ ಕೈಯಿಂದ ಹೋಗುವುದು ಬಂಪರಿಗೆ 2,000, ಲೈಟಿಗೆ 2,750, ಫೆಂಡರಿಗೆ 1,200, ಬಾನೆಟ್ಟಿಗೆ 2,800, ಪೇಂಟಿಗೆ 1,500, ಕಡ್ಡಾಯ ಕಡಿತ 1,000, ಒಟ್ಟು 11,250. ಕಂಪನಿ ಕೊಡುವುದು 26,250.

ಇಷ್ಟಕ್ಕೇ ಲೆಕ್ಕ ನಿಲ್ಲಿಸುವವರೇ ಹೆಚ್ಚು. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಇಳಿಯುತ್ತದೆ. ಮತ್ತೆ ಶೇ. 20, 25, 35, 45, 50 ಎಂದು ಮೆಟ್ಟಿಲು ಹತ್ತಬೇಕು. ನಿಮ್ಮ ಗಾಡಿಯ ಸ್ವಂತ ಹಾನಿ ಪ್ರೀಮಿಯಂ ಬೋನಸ್ ಕಳೆಯುವ ಮುನ್ನ 6,000 ರೂ. ಇದ್ದು, ಈ ಸಲ ಶೇ. 50ಕ್ಕೆ ಬರಬೇಕಿತ್ತು ಎಂದಿಟ್ಟುಕೊಳ್ಳಿ. ಪ್ರೀಮಿಯಂ ಅಷ್ಟೇ ಇದ್ದರೆ ನೀವು ಹೆಚ್ಚಿಗೆ ಕಟ್ಟುವುದು ಮೊದಲ ವರ್ಷ 3,000, ಆಮೇಲೆ 1,800, 1,500, 900, 300. ಐದು ವರ್ಷದಲ್ಲಿ 7,500 ರೂ. ನಷ್ಟ. ಮೇಲಿನ ಬಿಲ್ಲಿಗೆ ಕ್ಲೇಮ್ ಮಾಡುವುದೇ ಸರಿ, 18,750 ಉಳಿಯಿತು. ಅದೇ ಬರೀ ಬಂಪರ್ ತಟ್ಟಿ ಪೇಂಟ್ ಮಾಡಿಸುವ 5,000 ರೂಪಾಯಿ ಕೆಲಸಕ್ಕೆ ಕ್ಲೇಮ್ ಹಾಕುವುದು ಕೈಯಾರೆ ದುಡ್ಡು ಕಳೆದುಕೊಂಡಂತೆ. ಅಂಥವನ್ನು ನಾನು ನಗದು ಕೊಟ್ಟು ಮುಗಿಸುತ್ತೇನೆ.

ಜನ ಬಂಪರ್ ಟು ಬಂಪರ್ ಎನ್ನುವ ಝೀರೋ ಡೆಪ್ ಇದ್ದರೆ ಸವಕಳಿ ಕಳೆಯುವುದಿಲ್ಲ, ಆಗ ಹೊಸ ಪಾರ್ಟ್ ಹಾಕಿಸುವುದು ಹಗುರವಾಗುತ್ತದೆ. ಆದರೂ ಕಡ್ಡಾಯ ಕಡಿತ ಇದೆ, ಎಂಜಿನ್ ಆಯಿಲ್, ಕೂಲೆಂಟ್, ನಟ್ಟು ಬೋಲ್ಟುಗಳಿಗೆ ಬೇರೆ ಕವರ್ ಬೇಕು, ವರ್ಷಕ್ಕೆ ಎಷ್ಟು ಸಲ ಎಂಬ ಮಿತಿಯೂ ಇರಬಹುದು. ಪಾಲಿಸಿ ಕಾಗದ ಓದಿ. ಇನ್ನೊಂದು ಆಸೆ ಬಹಳ ಜನಕ್ಕೆ ಇರುತ್ತದೆ: ಹೋದ ವರ್ಷದ ಹಿಂಬಾಗಿಲ ಗೀರನ್ನೂ ಇದೇ ಕ್ಲೇಮಿನಲ್ಲಿ ಸೇರಿಸಿಬಿಡೋಣ ಎಂದು. ಒಂದು ಆಕ್ಸಿಡೆಂಟಿಗೆ ಒಂದು ಕ್ಲೇಮ್. ಮುಂದಿನ ಪೆಟ್ಟಿಗೂ ಹಿಂದಿನ ಗೀರಿಗೂ ಒಂದೇ ಕಥೆ ಹೊಂದುವುದಿಲ್ಲ, ಸರ್ವೇಯರ್ ಇಂಥವನ್ನು ದಿನಕ್ಕೆ ಹತ್ತು ನೋಡಿರುತ್ತಾನೆ.

6. ಗಾಡಿಯೇ ಬೇಡ ಅನ್ನಿಸುವ ಹಂತ

ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದಿರುವ ಐಡಿವಿ (ವಿಮೆಗೆ ಹಿಡಿದ ಗಾಡಿಯ ಬೆಲೆ) ಮೊತ್ತದ ಶೇ. 75 ದಾಟಿದರೆ ಅದು ಟೋಟಲ್ ಲಾಸ್. ಐಡಿವಿ 3 ಲಕ್ಷ ಇದ್ದರೆ ಗೆರೆ 2,25,000ದ ಹತ್ತಿರ. ಗೆರೆಯಿಂದ ಬಹಳ ಕೆಳಗಿದ್ದರೆ, ಬಹಳ ಮೇಲಿದ್ದರೆ ತಲೆನೋವಿಲ್ಲ. 60ರಿಂದ 75ರ ನಡುವೆ ಬಂದರೆ ಜೋಪಾನ. ಅಂಥ ಗಾಡಿ ಬಿಚ್ಚುತ್ತಾ ಹೋದಂತೆ ಖರ್ಚು ಏರುತ್ತದೆ. ಎರಡು ತಿಂಗಳು ಗ್ಯಾರೇಜಿನಲ್ಲಿ ಕೂರುತ್ತದೆ. ಮಾರುವಾಗ ಬೆಲೆ ಬಿದ್ದಿರುತ್ತದೆ. ಆ ಹಂತದಲ್ಲಿ ಪೂರ್ತಿ ಬಿಚ್ಚಿಸಿ, ಚಾಸಿ ಅಳತೆ ಪ್ರಿಂಟ್ ಇಟ್ಟು, ಅಂತಿಮ ಎಸ್ಟಿಮೇಟ್ ಹಾಕಿಸಿದ ಮೇಲೆಯೇ ಒಪ್ಪಿಗೆ ಸಹಿ ಮಾಡಿ.

ಟೋಟಲ್ ಲಾಸ್ ಆದರೆ ಸಾಲವಿದ್ದಲ್ಲಿ ದುಡ್ಡು ಮೊದಲು ಬ್ಯಾಂಕಿಗೆ ಹೋಗುತ್ತದೆ. ಅದಕ್ಕಿಂತ ಮುಖ್ಯ, ಗಾಡಿಯ ಅವಶೇಷದ ಜೊತೆ ಆರ್‌ಸಿಯನ್ನು ಹಾಗೇ ಯಾರ ಕೈಗೂ ಕೊಡಬೇಡಿ. ಕದ್ದ ಗಾಡಿಗೆ ಇಂಥ ಆರ್‌ಸಿ, ಚಾಸಿ ನಂಬರ್ ಅಂಟಿಸಿ ಓಡಿಸುವ ದಂಧೆ ಇದೆ, ನಾಳೆ ಪೊಲೀಸರು ಬರುವುದು ನಿಮ್ಮ ಮನೆ ಬಾಗಿಲಿಗೆ. ಗಾಡಿ ಮತ್ತೆ ಓಡದ ಸ್ಥಿತಿಗೆ ಬಂದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ವರ್ಗಾವಣೆಯೋ ರದ್ದೋ, ಒಂದು ಕಾಗದ ಕೈಯಲ್ಲಿರಲಿ.

7. ಪಾರ್ಟ್ ಎಲ್ಲಿಂದ

ಕಂಪನಿ ಡಬ್ಬಿಯಲ್ಲಿ ಬರುವುದು ಒಂದು. ಕಾರು ಕಂಪನಿಗೆ ಲೈಟು, ಗಾಜು, ಬೇರಿಂಗ್ ಮಾಡಿಕೊಡುವ ತಯಾರಕರೇ ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರುವುದು ಇನ್ನೊಂದು. ಗುಣ ಹತ್ತಿರ ಹತ್ತಿರ ಅದೇ, ಬೆಲೆ ಕಡಿಮೆ. ಮೂರನೆಯದು ಹೆಸರಿಲ್ಲದ ಡೂಪ್ಲಿಕೇಟ್. ಡೂಪ್ಲಿಕೇಟ್ ಫೆಂಡರ್ ತೆಳುವಾಗಿರುತ್ತದೆ, ಬೋಲ್ಟಿನ ತೂತು ಹೊಂದುವುದಿಲ್ಲ, ಹೊಂದಿಸಲು ಮೇಸ್ತ್ರಿ ಸುತ್ತಿಗೆ ಎತ್ತುತ್ತಾನೆ. ಉಳಿಸಿದ ಸಾವಿರ ರೂಪಾಯಿ ಕೂಲಿಗೆ ಹೋಗುತ್ತದೆ. ಬೆಂಗಳೂರಿನವರಿಗೆ ಹೊಸ ಪಾರ್ಟಿನ ಬೆಲೆ ವಿಚಾರಿಸಲು ಜೆ.ಸಿ. ರಸ್ತೆ ಇದೆ. ಅಡ್ವೈಸರ್ ಕೊಟ್ಟ ಪಟ್ಟಿಯಿಂದ ಪಾರ್ಟ್ ನಂಬರ್ ಬರೆದುಕೊಂಡು ಹೋದರೆ ಮಾತು ಸುಲಭ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ. 18. ಹಳೆಯ 28ರ ದರದ ಬಿಲ್ಲು ಯಾರಾದರೂ ಕೊಟ್ಟರೆ ವಾಪಸ್ ಕೊಡಿ.

ಇನ್ನು ಗುಜರಿ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯ ಗಾಡಿಗಳ ಬಾಗಿಲು, ಡಿಕ್ಕಿ, ಕನ್ನಡಿ, ಸೀಟು, ಹಿಂದಿನ ಲೈಟು ಸಿಗುತ್ತವೆ. ಹತ್ತು ವರ್ಷ ದಾಟಿದ ಗಾಡಿಗೆ, ಪಾರ್ಟ್ ಬರುವುದೇ ನಿಂತ ಮಾಡೆಲಿಗೆ, ಕ್ಲೇಮ್ ಮಾಡದೆ ಸ್ವಂತ ದುಡ್ಡಿನಲ್ಲಿ ಮಾಡಿಸುವ ಕೆಲಸಕ್ಕೆ ಇದು ಒಳ್ಳೆಯ ದಾರಿ. ನಮ್ಮ ಭಾವನ ಹದಿಮೂರು ವರ್ಷದ ಗಾಡಿಗೆ ಅದೇ ಬಣ್ಣದ ಬಾಗಿಲು ಗಾಜು, ಮೋಟಾರು, ಬೀಡಿಂಗ್ ಸಮೇತ ಸಿಕ್ಕಿತು, ಪೇಂಟಿಂಗೂ ಬೇಕಾಗಲಿಲ್ಲ. ಹೋಗುವಾಗ ಮುರಿದ ಪಾರ್ಟನ್ನೇ ಜೊತೆಗೆ ಒಯ್ಯಿರಿ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷ, ವೇರಿಯಂಟ್ ಬದಲಾದರೆ ಕನೆಕ್ಟರ್, ತೂತು ಬದಲಾಗಿರುತ್ತವೆ. ಬಾಗಿಲ ಕೆಳ ಅಂಚಿನ ಒಳಮಡಿಕೆಯನ್ನು ಬೆರಳಿನಲ್ಲಿ ಸವರಿ ತುಕ್ಕು ನೋಡಿ. ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟು ನೋಡಿ. ಅಂಟದ ಜಾಗದಲ್ಲಿ ಪುಟ್ಟಿ ಇದೆ. ಬಿಲ್ಲು ಕೇಳಿ, ಕೊಡದವರ ಹತ್ತಿರ ಕೊಳ್ಳಬೇಡಿ, ಕಳವಿನ ಮಾಲು ಕೊಂಡವರ ಮೇಲೂ ಕೇಸ್ ಆಗುತ್ತದೆ.

ಏರ್‌ಬ್ಯಾಗ್, ಬೆಲ್ಟ್, ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಟೈರು, ಇವು ಗುಜರಿಯಲ್ಲಿ ಪುಕ್ಕಟೆ ಕೊಟ್ಟರೂ ಬೇಡ. ಎಂಜಿನ್ ಅಥವಾ ಇಡೀ ಬಾಡಿ ಶೆಲ್ ಬದಲಿಸುವ ಮಾತು ಬಂದರೆ ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ತಿದ್ದುಪಡಿ ಇಲ್ಲದೆ ಕೈ ಹಾಕಬೇಡಿ.

8. ಅಡ್ವೈಸರ್, ಸರ್ವೇಯರ್ ಜೊತೆ ಮಾತು

ಎಸ್ಟಿಮೇಟಿನ ಪ್ರತಿ ಸಾಲಿನ ಮುಂದೆ ರಿಪೇರಿಯೋ ಬದಲಿಯೋ ಎಂದು ಬರೆಸಿ. ಸರ್ವೇಯರ್ ಸುರಕ್ಷತೆಯ ಭಾಗಕ್ಕೆ ರಿಪೇರಿ ಎಂದರೆ ಜಗಳ ಬೇಡ. ಕಾರಣ ಬರೆದು ಕೊಡಿ ಎನ್ನಿ. ಕಾರು ಕಂಪನಿಯ ರಿಪೇರಿ ಕೈಪಿಡಿಯಲ್ಲಿ "ಬದಲಿಸಬೇಕು" ಎಂದಿರುವ ಪುಟದ ಪ್ರತಿಯನ್ನು ಸರ್ವಿಸ್ ಸೆಂಟರಿನಿಂದ ತೆಗೆಸಿ, ಮಡಿಚಿದ ಜಾಗದ ಫೋಟೋ ಸೇರಿಸಿ ಇಮೇಲ್ ಮಾಡಿ. ಬಾಯಿಮಾತಿಗೆ ಬಗ್ಗದ ಕೆಲಸ ಬರಹಕ್ಕೆ ಬಗ್ಗುತ್ತದೆ. ಆಗದಿದ್ದರೆ ವಿಮಾ ಕಂಪನಿಯ ದೂರು ವಿಭಾಗ, ಆಮೇಲೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್, ಅದಕ್ಕೂ ಆಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ.

ಬದಲಿಸಿದ ಹಳೆಯ ಪಾರ್ಟುಗಳನ್ನು ತೋರಿಸಿ ಎಂದು ಮೊದಲೇ ಹೇಳಿಟ್ಟಿರಿ. ಕ್ಲೇಮಿನಲ್ಲಿ ಅವು ವಿಮಾ ಕಂಪನಿಗೆ ಸೇರಬಹುದು, ಆದರೆ ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. "ಹೊಸದು" ಎಂದು ಬಿಲ್ಲು ಮಾಡಿ ಹಳೆಯದನ್ನೇ ತಟ್ಟಿ ಹಾಕುವ ಚಾಳಿ ಇರುವ ಕಡೆ ಈ ಒಂದು ಮಾತಿಗೆ ಬಹಳ ಬೆಲೆ.

9. ಗಾಡಿ ವಾಪಸ್ ತರುವ ದಿನ

ಸಂಜೆ ಹೋಗಬೇಡಿ. ಟ್ಯೂಬ್‌ಲೈಟಿನ ಕೆಳಗೆ ಎಲ್ಲಾ ಬಣ್ಣವೂ ಹೊಂದುತ್ತದೆ. ಬೆಳಗಿನ ಬಿಸಿಲಿನಲ್ಲಿ ಗಾಡಿಯ ಹಿಂದೆ ಬಗ್ಗಿ ನಿಂತು ಬದಿಯುದ್ದಕ್ಕೂ ಕಣ್ಣು ಹಾಯಿಸಿ, ಪ್ರತಿಬಿಂಬ ಅಲೆ ಅಲೆಯಾಗಿ ಕಂಡರೆ ಪುಟ್ಟಿ ಒಳಗಿದೆ. ಪೇಂಟ್ ದಪ್ಪ ಅಳೆಯುವ ಮೀಟರ್ ಇರುವವರಾದರೆ ಕಂಪನಿ ಬಣ್ಣ 100 ಮೈಕ್ರಾನ್ ಆಸುಪಾಸು ಇರುತ್ತದೆ. 500, 800 ಬಂದ ಕಡೆ ಪುಟ್ಟಿ ದಪ್ಪಗಿದೆ.

ಸಂದಿಗಳನ್ನು ಮತ್ತೆ ಉಗುರಿನಿಂದ ನೋಡಿ. ಚಾಸಿ ಅಳತೆ ಮತ್ತು ವೀಲ್ ಅಲೈನ್‌ಮೆಂಟ್, ಎರಡರ ಪ್ರಿಂಟ್ ಪಡೆಯಿರಿ. ಅಲೈನ್‌ಮೆಂಟಿನಲ್ಲಿ ಚಕ್ರ ನಿಂತಿರುವ ಮೂರು ಕೋನಗಳಲ್ಲಿ ಟೋ ಮಾತ್ರ ಹಸಿರಾಗಿ, ಕ್ಯಾಂಬರ್, ಕ್ಯಾಸ್ಟರ್ ಕೆಂಪಾಗಿ ಉಳಿದಿದ್ದರೆ ಎಲ್ಲೋ ಒಂದು ಭಾಗ ಇನ್ನೂ ಸೊಟ್ಟಗಿದೆ. ಖಾಲಿ ನೇರ ರಸ್ತೆಯಲ್ಲಿ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ, ಸ್ಟೀರಿಂಗ್ ನೇರವಿದೆಯೇ, ಬ್ರೇಕ್ ಒತ್ತಿದಾಗ ಒಂದು ಕಡೆಗೆ ಎಳೆಯುತ್ತದೆಯೇ ನೋಡಿ. ವಾಪಸ್ ಬಂದು ಪೈಪಿನ ನೀರು ಟಾಪಿನ ಮೇಲಿಂದ ಹತ್ತು ನಿಮಿಷ ಬಿಡಿಸಿ, ಕಾರ್ಪೆಟ್ ಕೆಳಗೆ ಕೈ ಹಾಕಿ ಒದ್ದೆ ಇದೆಯೇ ಪರೀಕ್ಷಿಸಿ. ನನ್ನದರಲ್ಲಿ ಎಡಗಡೆ ಕಾಲಿಡುವ ಜಾಗ ಒದ್ದೆಯಾಗಿತ್ತು, ಏಪ್ರನ್ ಮೇಲಿನ ಸೀಲರ್ ಒಂದು ಗೇಣಿನಷ್ಟು ಬಿಟ್ಟುಹೋಗಿತ್ತು. ಅಲ್ಲೇ ಹಾಕಿಸಿಕೊಂಡು ಹೊರಟೆ.

ಸಾವಿರ ಕಿಲೋಮೀಟರ್ ಓಡಿದ ಮೇಲೆ ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ, ಮುಂದಿನ ಎರಡು ಟೈರಿನ ಒಳ ಅಂಚನ್ನು ಬಗ್ಗಿ ಕೈಯಿಂದ ಸವರಿ ನೋಡಿ. ಒಂದು ಕಡೆ ಮಾತ್ರ ಗರಗರ ಅಂದರೆ, ಪ್ರಿಂಟ್ ಹಿಡಿದುಕೊಂಡು ಅದೇ ಗ್ಯಾರೇಜಿಗೆ ಹೋಗಿ.